ತಟ್ಟೆ ಹೊತ್ತವನ ಕುತ್ತಿಗೆ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಹಳ್ಳಿಯಿಂದ ಗಂಡಸಿ ಊರಿನವರೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡೇ ಅರಸೀಕೆರೆಯ ಕಾಲೇಜಿಗೆ ಹೋಗಿ ಪಡೆದ ಡಿಗ್ರಿ, ಹೇಳಿಕೊಳ್ಳಲು ಸಂಕೋಚವಿಲ್ಲ. ಅದರ ಜೊತೆ ಒಂದು ಚಾಳಿಯೂ ಅಂಟಿಕೊಂಡಿತು. ಅವ್ವನಿಗೆ ಓದಲು ಬರುವುದಿಲ್ಲ. ಹಾಗಾಗಿ ಬಸ್ಸಿನ ಬೋರ್ಡು, ಮಾತ್ರೆ ಚೀಟಿ, ಮದುವೆ ಕಾಗದ, ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಅವಳಿಗೆ ಗಟ್ಟಿಯಾಗಿ ಓದಿಬಿಡುತ್ತೇನೆ.

ಎರಡು ವರ್ಷದಿಂದ ಅವ್ವನ ಕಿವಿ ಮಂದವಾಗಿದೆ. ಮಷಿನ್ ತಂದುಕೊಟ್ಟೆ; ಗುಂಯ್ ಅನ್ನುತ್ತದೆಂದು ಡಬ್ಬಿಯಲ್ಲಿಟ್ಟಳು. ಟಿವಿ ಮುಂದೆ ನಾವೆಲ್ಲ ನಕ್ಕು ಮುಗಿಸಿದ ಮೇಲೆ "ಏನಂತೆ?" ಎಂದು ಕೇಳುತ್ತಿದ್ದಳು. ಬಿಡಿಸಿ ಹೇಳುವಷ್ಟರಲ್ಲಿ ತಮಾಷೆ ಆರಿಹೋಗಿರುತ್ತಿತ್ತು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟಳು. ಕಳೆ ಕೀಳುವ ಹೆಂಗಸರ ಸಾಲನ್ನೇ ನಗಿಸುತ್ತಿದ್ದವಳು. ಆ ನಗು ಹೋಗಿಯೇಬಿಟ್ಟಿತೇನೋ ಎಂಬ ಹೆದರಿಕೆ ನನಗೆ.

ಕಳೆದ ಅವರೆಕಾಯಿ ಕಾಲದ ಒಂದು ಭಾನುವಾರ ಮಧ್ಯಾಹ್ನ, ಅವ್ವನೂ ಅತ್ತಿಗೆಯೂ ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದಾಗ ಲ್ಯಾಪ್‌ಟಾಪ್ ತಂದು ಮುಂದಿಟ್ಟೆ. ಮಾತೇ ಇಲ್ಲದ ಕಪ್ಪುಬಿಳುಪು ತಮಾಷೆ ಸಿನಿಮಾ. ನಟ ಯಾವ ಊರಿನವನೋ, ಸತ್ತು ಎಷ್ಟು ಕಾಲವಾಯಿತೋ. ಹೋಟೆಲಿನ ಸಪ್ಲೈಯರ್ ಆಗಿ ತಲೆಯ ಮೇಲೆ ತಟ್ಟೆಗಳ ಗೋಪುರ ಹೊತ್ತು ಜನರ ನಡುವೆ ಹೋಗುತ್ತಾನೆ. ನಡುನಡುವೆ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ನಾನು ಬಿಡುತ್ತೇನೆಯೇ? ಒಂದೊಂದನ್ನೂ ಕನ್ನಡ ಮಾಡಿ ಅವ್ವನ ಕಿವಿಗೆ ಕೂಗಿದೆ. ಕೂಗುವಾಗ ನನ್ನ ತಲೆ ಪರದೆಗೆ ಅಡ್ಡ.

ಮೂರನೇ ಸಲಕ್ಕೆ ಅವ್ವ ನನ್ನ ಮುಖವನ್ನು ಪಕ್ಕಕ್ಕೆ ತಳ್ಳಿದಳು. "ಸುಮ್ಕಿರೇ ಅತ್ಲಾಗೆ! ಕಿವಿ ಹೋಗೈತೆ, ಕಣ್ಣು ಐತೆ ಕಣೇ ನಂಗೆ."

ಪಕ್ಕಕ್ಕೆ ಸರಿದು ಕೂತೆ.

ಸಪ್ಲೈಯರ್ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಜಾರಿದ. ಕಾಲುಗಳು ಎತ್ತೆತ್ತಲೋ ಹೋದವು. ತಟ್ಟೆ ಮಾತ್ರ ಅಲುಗಲಿಲ್ಲ.

"ಬೀಳಾಕಿಲ್ಲ ನೋಡು ಇವ್ನು," ಎಂದಳು ಅವ್ವ. "ಕಾಲು ಕುಣೀತೈತೆ, ಕುತ್ತಿಗೆ ನೋಡು, ಕಂಬ ಇದ್ದಂಗೈತೆ. ಹೊರೆ ಹೊತ್ತು ಕಲ್ತೋನೇ ಕಣೇ ಇವ್ನು."

ಮುದ್ದೆಯ ಪುಟ್ಟಿ, ಅದರ ಮೇಲೊಂದು ಸಾರಿನ ಚೊಂಬು ಹೊತ್ತು ವರ್ಷಗಟ್ಟಲೆ ಹೊಲದ ಬದುವಿನ ಮೇಲೆ ನಡೆದವಳು ಅವಳು. ನಾನು ಆ ಸಿನಿಮಾವನ್ನು ಆರು ಸಲ ನೋಡಿದ್ದೆ. ಕಾಲು ನೋಡಿ ನಕ್ಕಿದ್ದೆನೇ ಹೊರತು ಕುತ್ತಿಗೆಯನ್ನು ನೋಡಿರಲಿಲ್ಲ.

ಒಂದೂ ತಟ್ಟೆ ಬೀಳಿಸದೆ ಅವನು ಬಾಗಿಲು ಮುಟ್ಟಿದ. ಎದುರಿಗೆ ಮಾಲೀಕ ಬಂದ.

"ಅಯ್ಯೋ, ಬಗ್ಗಬ್ಯಾಡ ಕಣ್ಲಾ!" ಎನ್ನುತ್ತಾ ಅವ್ವ ನಗತೊಡಗಿದಳು. ಆಮೇಲೆ ಅವನು ವಿನಯದಿಂದ ಬಗ್ಗಿ ನಮಸ್ಕರಿಸಿದ. ತಟ್ಟೆಗಳೆಲ್ಲ ಮಾಲೀಕನ ಕಾಲ ಬುಡದಲ್ಲಿ.

ಹುಳುಕು ಕಾಯಿ ಆರಿಸುತ್ತಾ ತಲೆ ತಗ್ಗಿಸಿದ್ದ ಅತ್ತಿಗೆ ಅದನ್ನು ನೋಡಿರಲಿಲ್ಲ. "ಏನತ್ತೆ, ಏನಾಯ್ತು?" ಎಂದಳು. ಅವ್ವನಿಗೆ ಕೇಳಿಸಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಳು. ಅವರೆಕಾಳಿನ ಮೊರವನ್ನೆತ್ತಿ ತಲೆಯ ಮೇಲಿಟ್ಟು, ಕೈಬಿಟ್ಟು, ಜಗಲಿಯ ಉದ್ದಕ್ಕೂ ಜಾರುವವಳಂತೆ ನಡೆದು ತೋರಿಸಿದಳು.

"ಅತ್ತೆ, ಕಾಳು! ಕಾಳು!"

ಒಂದು ಕಾಳೂ ಬೀಳಲಿಲ್ಲ. ಕೊನೆಗೆ ನನ್ನ ಮುಂದೆ ನಿಂತು, ಕೈ ಜೋಡಿಸಿ, ಬೇಕೆಂದೇ ಬಗ್ಗಿದಳು. ನನ್ನ ಮಡಿಲ ತುಂಬ ಅವರೆಕಾಳು.