ಚೆಂಡು ಯಾರ ಕೈಯಲ್ಲೋ ಮಾತು ಅವರದು

ಅಕ್ಷಯಾಳಿಗೆ ಎರಡು ವರ್ಷ ತುಂಬಿ ಶ್ರಾವಣವೂ ಕಳೆದಿತ್ತು. ಇನ್ನೂ ಒಂದು ಮಾತು ಬಂದಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಬೇಡವಾದರೆ ತಲೆ ಅಲ್ಲಾಡಿಸುತ್ತಿದ್ದಳು, ನಕ್ಕರೆ ಮನೆ ತುಂಬ ನಗುತ್ತಿದ್ದಳು. ಮಾತು ಮಾತ್ರ ಇಲ್ಲ. ತಲೆಸ್ನಾನ ಮಾಡುವಾಗ ಕಿವಿಗೆ ಹೊಕ್ಕ ನೀರಿನ ಹಾಗೆ ಈ ಚಿಂತೆ ಪದ್ಮಶ್ರೀಯ ಒಳಗೆ ಕೂತುಬಿಟ್ಟಿತ್ತು. ಎಷ್ಟು ಕೊಡವಿದರೂ ಹೊರಗೆ ಬೀಳದು. ಹಾಲು ಕಾಯಿಸುವಾಗ ಇರುತ್ತಿತ್ತು, ಬಟ್ಟೆ ಮಡಚುವಾಗ ಇರುತ್ತಿತ್ತು. ಗಂಡ ಗುರುಲಿಂಗ ಗದ್ವಾಲದ ಕರೆಂಟ್ ಆಫೀಸಿನಿಂದ ಬಂದು, "ಬರ್ತೈತಿ ಬಿಡ, ನಾನೂ ತಡಾನ ಮಾತಾಡೀನಂತ" ಎಂದಾಗ ಇನ್ನಷ್ಟು ಹೆಚ್ಚಾಗುತ್ತಿತ್ತು.

ಪದ್ಮಶ್ರೀ ಹುಟ್ಟಿ ಬೆಳೆದದ್ದು ಹೈದರಾಬಾದಿನ ಕಾಚಿಗೂಡದಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ಯಾವುದೇ ಭಯ ಬಂದರೂ ಮೊದಲು ಫೋನಿನಲ್ಲಿ ಹುಡುಕುವ ಅಭ್ಯಾಸ. ತಾಯಂದಿರ ಗುಂಪೊಂದರಲ್ಲಿ ಯಾರೋ ಬರೆದಿದ್ದರು: ಮನೆಯಲ್ಲಿ ಹಲವು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಕ್ಕೆ ಬಿದ್ದು ಬಾಯಿ ಮುಚ್ಚಿಕೊಳ್ಳುತ್ತದೆ, ಒಂದೇ ಭಾಷೆ ಇಟ್ಟುಕೊಳ್ಳಿ. ಬರೆದವರು ಯಾರು, ಏನು ಓದಿದವರು ಎಂದು ಅವಳು ನೋಡಲಿಲ್ಲ. ಭಯಕ್ಕೆ ಅಷ್ಟು ಸಾಕಾಗಿತ್ತು.

ಕನ್ನಡ–ತೆಲುಗು ಗಡಿಯ ಮಕ್ತಲ್‌ನ ಈ ಮನೆಯಲ್ಲಿ ಒಂದೇ ಭಾಷೆ ಎಲ್ಲಿಂದ ತರಬೇಕು? ಅಡುಗೆಮನೆಯಲ್ಲಿ ಅತ್ತೆ ವೀರಬಸಮ್ಮನ ಕನ್ನಡ. ಪಾತ್ರೆ ತಿಕ್ಕಲು ಬರುವ ಕುರುಮಮ್ಮನ ತೆಲುಗು. ಇನ್ನು ಸಂಜೆಯಾದರೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಮಾವ ಮಹಾಂತಯ್ಯನವರ ದರಬಾರು, ಅಲ್ಲಿ ಮೂರು ಭಾಷೆ.

ಮಹಾಂತಯ್ಯನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮಕ್ತಲ್–ರಾಯಚೂರು ದಾರಿಯಲ್ಲಿ ಅವರು ಟಿಕೆಟ್ ಹರಿಯದ ಮನೆ ಇಲ್ಲ. ಹತ್ತುವವರ ಮುಖ ನೋಡಿಯೇ ಯಾವ ಭಾಷೆಯಲ್ಲಿ "ಮುಂದಕ್ಕೆ ಸರೀರಿ" ಅನ್ನಬೇಕೆಂದು ತಿಳಿಯುತ್ತಿದ್ದರು. ರಾಯಚೂರಿನಲ್ಲಿ ಓದುವಾಗ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡು ಬಂದು, ಊರಿನಲ್ಲಿ ಗೆಳೆಯರನ್ನು ಕೂಡಿಸಿ ಮಿತ್ರಮಂಡಳಿ ಎಂಬ ಕ್ಲಬ್ಬು ಕಟ್ಟಿದರು. ಆಗ ತಾವೇ ಗೋಲ್‌ಕೀಪರ್. ಎಡಗೈಯ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ, ಗದ್ವಾಲದವರ ಒಂದು ಹೊಡೆತ ತಡೆದದ್ದಕ್ಕೆ. ಆ ದಿನ ಗೆದ್ದ ತೊಗಲಿನ ಚೆಂಡು ಗಾಳಿ ಹೋಗಿ, ಹಳೆಯ ಹೋಳಿಗೆಯ ಹಾಗೆ ಚಪ್ಪಟೆಯಾಗಿ, ಅವರ ಜೊತೆಗೇ ಉಳಿದಿತ್ತು.

ಕಟ್ಟೆಯ ಕಾಯ್ದೆ ಹುಟ್ಟಿದ್ದು ಆ ಚೆಂಡಿನಿಂದ. ನಾರಾಯಣಪೇಟೆ ಜಿಲ್ಲೆಯಾದ ಹೊಸದರಲ್ಲಿ, ಮಕ್ತಲ್ ಯಾಕಾಗಲಿಲ್ಲ ಎಂಬ ಮಾತಿಗೆ ಮಾತು ಬೆಳೆದು ಗೆಳೆಯರು ಅಂಗಿ ಹಿಡಿದುಕೊಂಡಿದ್ದರಂತೆ. ಮರುದಿನ ಮಹಾಂತಯ್ಯನವರು ಚಪ್ಪಟೆ ಚೆಂಡನ್ನು ಕಟ್ಟೆಯ ನಡುವೆ ಇಟ್ಟು, "ಇನ್ನ ಮ್ಯಾಗ ಚೆಂಡು ಯಾರ ಕೈಯಾಗೋ ಮಾತು ಅವರದು. ಉಳಿದವ್ರು ಬಾಯಿ ಮುಚ್ಕೊಂಡು ಕಾಯಬೇಕು, ಅವ ಎಷ್ಟ್ ಹೊತ್ತು ತೊಗೊಂಡ್ರೂ" ಎಂದರು. ಎರಡನೆಯ ಕಾಯ್ದೆಯೂ ಇತ್ತು. ಕ್ಲಬ್ಬಿನ ಮಾತು ಕನ್ನಡದಲ್ಲಿ, ಊರಿನ ಮಾತು ತೆಲುಗಿನಲ್ಲಿ, ದಿಲ್ಲಿಯ ಮಾತು ಉರ್ದುವಿನಲ್ಲಿ. ಯಾರ ತಾಯಿನುಡಿಗೂ ಕಡಿಮೆಯಾಗದಿರಲಿ ಎಂದು. ತಪ್ಪಿದವನು ಎದ್ದು ಒಳಗಿನಿಂದ ಎಲ್ಲರಿಗೂ ಚಹಾ ಹೊತ್ತು ತರಬೇಕು.

ಈ ವರ್ಷ ಮಿತ್ರಮಂಡಳಿಯ ಹುಡುಗರು ಗೆದ್ದದ್ದೇ ಇಲ್ಲ. ಪಂದ್ಯ ನೋಡಿ ಬಂದ ಗೆಳೆಯರನ್ನು ವೀರಬಸಮ್ಮ ಹೊಸ್ತಿಲಲ್ಲಿ ನಿಂತು, "ಏನಾತ್ರಿ?" ಎಂದು ಕೇಳುವುದು, ಎಲ್ಲರೂ ಒಂದೇ ದನಿಯಲ್ಲಿ "ಸೋತ್ವಿ" ಅನ್ನುವುದು, ಆಕೆ "ಇರ್ಲಿ, ಚಾ ಕುಡೀರಿ" ಅನ್ನುವುದು, ಇದು ವಾರವಾರದ ಪಾಠವಾಗಿತ್ತು. ಅಕ್ಷಯಾ ಅಜ್ಜಿಯ ಸೆರಗು ಹಿಡಿದು ಕೇಳುತ್ತಿದ್ದಳು.

"ಗೋಲ್‌ಕೀಪರ್‌ನ ಬದಲಾಯಿಸ್ರಿ ಅಂತ ಹೋದ ವರ್ಷಾನ ಬಡ್ಕೊಂಡೀನಿ," ಎಂದರು ಒಂದು ಸಂಜೆ ಟೇಲರ್ ಮಾರ್ಕಂಡೇಯ, ಚೆಂಡು ಮಡಿಲಲ್ಲಿಟ್ಟುಕೊಂಡು.

ಸೀರೆ ಅಂಗಡಿಯ ನರೇಂದರ್ ಕ್ಲಬ್ಬಿನ ಕಾರ್ಯದರ್ಶಿ. ಆತ ಕೈ ಚಾಚಿ ಚೆಂಡು ಈಸಿಕೊಂಡ. "ಬದಲಾಯಿಸಿ ಯಾರ್ನ ನಿಲ್ಲಸೂಣು, ನಿಮ್ಮನ್ನ? ನೀವು ನಿಂತ್ರ ಗೋಲಿಗೆ ಕಂಬ ಮೂರಾಗ್ತಾವ, ಅಷ್ಟ."

ನಿವೃತ್ತ ಮಾಸ್ತರ್ ಶ್ರೀನಿವಾಸುಲು ಗದ್ವಾಲದಲ್ಲಿ ಹುಟ್ಟಿ ಮಕ್ತಲ್‌ನ ಅಳಿಯನಾದವರು. ಅವರು ಚೆಂಡು ಪಡೆದು ನಿಧಾನವಾಗಿ, "ನಮ್ ಗದ್ವಾಲದ ಹುಡುಗ್ರು ಹೆಂಗ ಪಾಸ್ ಕೊಡ್ತಾರ, ಒಂದೀಟು ನೋಡಿ ಕಲೀರಿ" ಎಂದರು.

ಕಾಯ್ದೆ ಮುರಿದು ಎಲ್ಲರೂ ಒಟ್ಟಿಗೆ ಮೈಮೇಲೆ ಬಿದ್ದರು. "ಉಣ್ಣೂದು ಮಕ್ತಲ್‌ನಾಗ, ಚಪ್ಪಾಳಿ ಗದ್ವಾಲಕ್ಕ?"

ಮಾತು ಅಲ್ಲಿಂದ ಮೈದಾನಕ್ಕೆ ಹೋಯಿತು. ಮೈದಾನದ ಒಂದು ಬದಿ ರಸ್ತೆಗೆ ಹೋಗುತ್ತದೆಂಬ ಸುದ್ದಿ ಇತ್ತು. ಅದು ಊರಿನ ಮಾತು, ಆದ್ದರಿಂದ ತೆಲುಗು. "ಜಿಲ್ಲಾ ಮನಕೇ ರಾವಾಲ್ಸಿಂದಿ," ಎಂದು ಮಾರ್ಕಂಡೇಯ ಹಳೆಯ ಗಾಯ ಕೆರೆದರು. ಜಿಲ್ಲೆ ನಮಗೇ ಬಂದಿದ್ದರೆ ಮೈದಾನಕ್ಕೆ ಕೈ ಹಚ್ಚುವ ಧೈರ್ಯ ಯಾರಿಗಿತ್ತು ಎಂದು. ಅಲ್ಲಿಂದ ದಿಲ್ಲಿಗೆ. ಲೋಕಸಭೆಯ ಕುರ್ಚಿಗಳನ್ನು ಮತ್ತೆ ಹಂಚಿದರೆ ನಮ್ಮ ಕಡೆಯ ದನಿ ಉಳಿಯುತ್ತದೋ ಇಲ್ಲವೋ ಎಂದು ಮಾತು ಕಾವೇರಿತು. ಸೈಕಲ್ ಅಂಗಡಿಯ ಖಾಜಾಮಿಯಾ ಚೆಂಡು ಹಿಡಿದು, "ದಿಲ್ಲಿವಾಲೋಂಕೂ ಅಪನ್ ಕಿಧರ್ ಹೈ ಬೋಲ್ಕೆ ಬೀ ನೈ ಮಾಲೂಮ್" ಎಂದು, ನಾವು ಎಲ್ಲಿದ್ದೇವೆಂಬುದೇ ದಿಲ್ಲಿಯವರಿಗೆ ಗೊತ್ತಿಲ್ಲವೆಂದರೆ, ನರೇಂದರ್ ತಡೆಯಲಾರದೆ, "ಗೊತ್ತಿಲ್ದ ಏನು, ಓಟು ಕೇಳಾಕ ಬರಾಗ ಗೊತ್ತಿರ್ತೈತಿ" ಎಂದುಬಿಟ್ಟ.

"ಕನ್ನಡ," ಎಂದರು ಮಹಾಂತಯ್ಯ. "ಏಳಪ್ಪಾ, ಚಾ ತಗೊಂಡು ಬಾ."

ನಗೆಯೆದ್ದಿತು. ಹೊಸ್ತಿಲ ಮೇಲೆ ಕೂತ ಅಕ್ಷಯಾ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹೊರಳಿಸುತ್ತಿದ್ದಳು. ಒಳಗಿದ್ದ ಪದ್ಮಶ್ರೀ ಅದನ್ನು ಕಂಡಳು. ಕೂಸಿನ ತಲೆಯೊಳಗೆ ಮೂರು ಭಾಷೆ ಗುದ್ದಾಡುತ್ತಿರುವುದು ಅವಳ ಕಣ್ಣಿಗೆ ಕಟ್ಟಿದ ಹಾಗಾಯಿತು.

ನೀರಿಗೆಂದು ಒಳಗೆ ಬಂದ ಮಾವನ ಮುಂದೆ ಧೈರ್ಯ ಮಾಡಿದಳು. "ಮಾವಾರ್ರಿ, ತಪ್ಪು ತಿಳ್ಕೋಬೇಡ್ರಿ. ಕೂಸಿನ ಕಿವಿಗೆ ಒಂದೇ ಸಲ ಇಷ್ಟೊಂದು ಭಾಷೆ ಬಿದ್ರೆ ಮಾತು ಬರೋದು ತಡ ಆಗ್ತದಂತ್ರಿ..."

ಚೊಂಬು ಹಿಡಿದು ನಿಂತ ಮಹಾಂತಯ್ಯ ಸೊಸೆಯ ಮುಖ ನೋಡಿದರು. "ಕಟ್ಟಿ ಗದ್ದಲ ತ್ರಾಸ ಆಗ್ತೈತೇನವಾ?"

"ಹೌದ್ರಿ."

"ಆತು. ಕೂಸಿಗಿಂತ ಕ್ಲಬ್ ದೊಡ್ಡದಲ್ಲ."

ಅಷ್ಟೇ. ಮರುದಿನ ಸಂಜೆ ಚೆಂಡನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ನಡೆದರು. ಗೆಳೆಯರಿಗೆ ಏನು ಹೇಳಿದರೋ, ಒಬ್ಬರೂ ಮನೆಯತ್ತ ಬಂದು ಯಾಕೆಂದು ಕೇಳಲಿಲ್ಲ. ದಾರಿಯಲ್ಲಿ ಸಿಕ್ಕಾಗ ಖಾಜಾಮಿಯಾ ಎಂದಿನಂತೆಯೇ, "ಬೇಟಿ, ಕೂಸು ಆರಾಮ?" ಎಂದರು. ಅವಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಮನೆ ಶಾಂತವಾಯಿತು. ಪದ್ಮಶ್ರೀ ಚಿತ್ರದ ಕಾರ್ಡುಗಳನ್ನು ತರಿಸಿ, ಅಚ್ಚ ಕನ್ನಡದಲ್ಲಿ ಪಾಠ ಹಿಡಿದಳು. "ಇದೇನು ಅಕ್ಕೂ? ಆನೆ. ಆನೆ ಅನ್ನು. ಇದೇನು? ಹಸು. ಹಸು ಅನ್ನು ಬಂಗಾರಿ." ಕೂಸು ತುಟಿ ಬಿಚ್ಚುವಷ್ಟರಲ್ಲಿ ಮುಂದಿನ ಕಾರ್ಡು ಬಂದಿರುತ್ತಿತ್ತು. ಸಂಜೆಯಾದರೆ ಅಕ್ಷಯಾ ಕಾರ್ಡು ಬಿಟ್ಟು ಹೊರಗೆ ಹೋಗಿ, ಕಟ್ಟೆಯ ಮೇಲೆ ಚೆಂಡು ಇರುತ್ತಿದ್ದ ಜಾಗದಲ್ಲಿ ಕೂತು ಬೀದಿ ನೋಡುತ್ತಿದ್ದಳು. ಮೊದಲಿನ ನಗೆಯೂ ಕಡಿಮೆಯಾದಂತೆ ಪದ್ಮಶ್ರೀಗೆ ಅನ್ನಿಸುತ್ತಿತ್ತು.

ವೀರಬಸಮ್ಮ ಮಾತ್ರ ಚಹಾಕ್ಕೆ ನೀರಿಡಲು ದೊಡ್ಡ ಪಾತ್ರೆಗೆ ಕೈ ಹಾಕಿ, ನೆನಪಾಗಿ ಸಣ್ಣದು ತೆಗೆಯುತ್ತಿದ್ದರು.

ಕೊನೆಗೆ ರಾಯಚೂರಿನ ಮಕ್ಕಳ ಡಾಕ್ಟರಿಗೆ ತೋರಿಸುವುದೆಂದಾಯಿತು. ಗುರುಲಿಂಗನಿಗೆ ರಜೆ ಸಿಗಲಿಲ್ಲ. "ನೀ ಹೋಗಿ ಬಾರವಾ, ಸೀಟು ನಾ ಹಿಡಿದು ಕೊಡ್ತೀನಿ" ಎಂದರು ಮಹಾಂತಯ್ಯ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದಾಗ ಬಸ್ಸು ಇನ್ನೂ ಬಂದಿರಲಿಲ್ಲ. ಹೋಟೆಲಿನ ಬೆಂಚಿನ ಮೇಲೆ ಗೆಳೆಯರೆಲ್ಲ ಇದ್ದರು. ಹಿಂದಿನ ದಿನ ಹುಡುಗರು ನಾರಾಯಣಪೇಟೆಯಲ್ಲಿ ಆಡಿ ಸೋತ ಸುದ್ದಿಯನ್ನು ಸಂಜೆಯವರೆಗೆ ತಡೆದಿಡಲಾರದೆ ಬೆಳಿಗ್ಗೆಯೇ ಸೇರಿದ್ದರು. ಪದ್ಮಶ್ರೀ ಸೆರಗು ಸರಿಮಾಡಿಕೊಂಡು ದೂರವೇ ನಿಂತಳು. ಯಾವ ಮುಖ ಇಟ್ಟುಕೊಂಡು ಹತ್ತಿರ ಹೋಗುವುದು?

ಅಕ್ಷಯಾ ಅವಳ ಕೈ ಬಿಡಿಸಿಕೊಂಡು ಓಡಿದಳು. ನೆಟ್ಟಗೆ ಮಾರ್ಕಂಡೇಯರ ಹತ್ತಿರ ಹೋಗಿ, ಅವರ ಮಡಿಲಲ್ಲಿದ್ದ ಚಪ್ಪಟೆ ಚೆಂಡನ್ನು ಎರಡೂ ಕೈಯಿಂದ ಎಳೆದುಕೊಂಡು ಎದೆಗೆ ಅವಚಿ ನಿಂತಳು.

ಮಾತು ನಿಂತಿತು. ನರೇಂದರ್ ಅರ್ಧಕ್ಕೆ ಬಾಯಿ ಮುಚ್ಚಿದ. ಖಾಜಾಮಿಯಾ ಚಹಾದ ಬಸಿಯನ್ನು ಸದ್ದಾಗದಂತೆ ಕೆಳಗಿಟ್ಟರು. ಶ್ರೀನಿವಾಸುಲು ಕನ್ನಡಕ ಏರಿಸಿಕೊಂಡು ಕೂಸಿನ ಕಡೆ ಬಾಗಿದರು. ಒಬ್ಬರೂ ನಗಲಿಲ್ಲ, ಮುದ್ದು ಮಾಡಲಿಲ್ಲ.

ಪದ್ಮಶ್ರೀ ಎಂದಿನಂತೆ ಧಾವಿಸಿದಳು. "ಅವ್ಳಿಗೆ ಬಾಲ್ ಬೇಕಂತ್ರಿ, ಅಷ್ಟೇ. ಕೊಡು ಅಕ್ಕೂ, ಅಜ್ಜಗೆ ಕೊಡು ಅನ್ನು..."

ಮಹಾಂತಯ್ಯ ಸೊಟ್ಟ ಕಿರುಬೆರಳಿನ ಕೈಯೆತ್ತಿ ತಡೆದರು. "ನಡುವ ಮಾತಾಡಬ್ಯಾಡವಾ. ಚೆಂಡು ಆಕಿ ಕೈಯಾಗ ಐತಿ."

ಅವರು ಕಾದರು. ಚಹಾದ ಮೇಲೆ ಕೆನೆಗಟ್ಟಿತು. ರಾಯಚೂರಿನ ಬಸ್ಸು ಒಳಗೆ ಬಂದು ಹಾರನ್ ಹೊಡೆಯಿತು, ಜನ ನುಗ್ಗಿದರು. ಸೀಟು ಹಿಡಿಯಬೇಕಾದ ಮಹಾಂತಯ್ಯ ಅತ್ತ ತಿರುಗಿಯೂ ನೋಡಲಿಲ್ಲ. ಇಷ್ಟು ಮಂದಿ ದೊಡ್ಡವರು ಒಂದು ಕೂಸಿನ ಬಾಯಿಯನ್ನು ಇಷ್ಟು ಮರ್ಯಾದೆಯಿಂದ ಕಾಯುವುದನ್ನು ಪದ್ಮಶ್ರೀ ಎಂದೂ ಕಂಡಿರಲಿಲ್ಲ. ಅವಳ ನಾಲಿಗೆಯ ತುದಿಯಲ್ಲಿ ಹತ್ತು ಮಾತು ಇದ್ದವು. ಕಚ್ಚಿ ಹಿಡಿದಳು.

ಅಕ್ಷಯಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತುಟಿ ಬಿಚ್ಚಿದಳು, ಮುಚ್ಚಿದಳು. ಚೆಂಡನ್ನು ಇನ್ನೊಮ್ಮೆ ಗಟ್ಟಿಯಾಗಿ ಅವಚಿಕೊಂಡಳು.

"ಸೋತ್ವಿ," ಎಂದಳು.

ಮಾರ್ಕಂಡೇಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಕಾರ್ಯದರ್ಶಿಗಳೇ, ಕೇಳಿದ್ರಿ? ಕೂಸಿಗೂ ತಿಳಿದೈತಿ."

"ಕ್ಲಬ್ಬಿನ ಮಾತು, ಕನ್ನಡದಾಗ," ಎಂದರು ಮಹಾಂತಯ್ಯ. "ಕಾಯ್ದೆ ಪ್ರಕಾರ ಬರೋಬರಿ ಐತಿ."

"ನಾವೆಲ್ಲಾ ಸಬೂಬು ಹೇಳ್ತೀವಿ, ಈಕಿ ಒಬ್ಬಾಕಿ ಖರೇ ಹೇಳಿದ್ಲು," ಎಂದ ನರೇಂದರ್, ಮುಖ ಆಚೆ ತಿರುಗಿಸಿಕೊಂಡು ಕಣ್ಣೊರೆಸುತ್ತ.

ಪದ್ಮಶ್ರೀಗೆ ಅಳು ಬಂತು, ನಗುವೂ ಬಂತು. ಏನಾದರೂ ಹೇಳಬೇಕೆಂದು ಹೊರಡುವಷ್ಟರಲ್ಲಿ ಮಹಾಂತಯ್ಯನವರು ಎಚ್ಚೆತ್ತವರಂತೆ ಓಡಿ, ಬಸ್ಸಿನ ಕಿಟಕಿಯಿಂದ ಹೆಗಲ ಟವೆಲು ಒಳಗೆ ಎಸೆದು ಸೀಟು ಹಿಡಿದರು. ಚೆಂಡನ್ನು ಬೆಂಚಿನ ಮೇಲಿಟ್ಟು ತಾಯಿ ಮಗಳು ಹತ್ತಿದ್ದೇ ತಡ, ಬಸ್ಸು ಹೊರಟೇಬಿಟ್ಟಿತು.

ರಾಯಚೂರಿನ ಡಾಕ್ಟರಮ್ಮ ಕೂಸಿನ ಕಿವಿ ಪರೀಕ್ಷೆ ಮಾಡಿಸಿದರು, ಆಟ ಆಡಿಸಿದರು, ತಾಯಿ ಮಗಳ ಪಾಠವನ್ನೂ ಒಂದಷ್ಟು ಹೊತ್ತು ಸುಮ್ಮನೆ ಕೂತು ನೋಡಿದರು. "ಕಿವಿ ಛಲೋ ಅದಾವ. ತಿಳಿವಳಿಕೆನೂ ಛಲೋ ಐತಿ. ಮೂರು ಭಾಷಾದಿಂದ ಏನೂ ಆಗೂದಿಲ್ಲ, ನಮ್ಮ ಕಡೆ ಮಕ್ಕಳೆಲ್ಲಾ ಹಂಗ ಬೆಳೀತಾವ. ಆದ್ರ ನೀವು ಪ್ರಶ್ನೆ ಕೇಳ್ತೀರಿ, ಉತ್ತರಾನೂ ನೀವೇ ಹೇಳ್ತೀರಿ. ನಡುವ ಆಕಿಗೆ ಜಾಗ ಎಲ್ಲೈತಿ? ಮನಿಯಾಗ ಈಕಿ ಮಾತಿಗೆ ಕಾಯಾವ್ರು ಯಾರರೆ ಅದಾರೇನು?"

ಪದ್ಮಶ್ರೀ ತಲೆ ತಗ್ಗಿಸಿದಳು. "ಇದ್ರು... ಅದಾರ್ರಿ," ಎಂದಳು.

ಮೂರು ತಿಂಗಳ ಮೇಲೆ ಮತ್ತೆ ತೋರಿಸಿರಿ, ಆಗ ನೋಡೋಣ ಎಂದರು ಡಾಕ್ಟರಮ್ಮ. ಚಿಂತೆ ಪೂರ್ತಿ ಹೋಯಿತು ಎಂದೇನಲ್ಲ. ಆದರೆ ಮರಳುವ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಕಣ್ಣು ಮುಚ್ಚಿದಾಗ, ಬೆಳಗಿನ ಆ ಬೆಂಚು, ಕೆನೆಗಟ್ಟಿದ ಚಹಾ, ಬಾಗಿದ ಆ ತಲೆಗಳು ಮತ್ತೆ ಮತ್ತೆ ಎದುರಿಗೆ ಬಂದವು. ತಾನು ಕಟ್ಟೆಯಿಂದ ಎಬ್ಬಿಸಿ ಕಳಿಸಿದವರು. ಒಂದು ಮಾತೂ ಆಡದೆ ಎದ್ದು ಹೋದವರು. ತನ್ನ ಮಗಳಿಗಾಗಿ ಬಸ್ಸನ್ನೇ ಮರೆತು ಕೂತವರು.

ಫೋನು ತೆಗೆದಳು, ಒಳಗಿಟ್ಟಳು. ಮಾವನಿಗೆ ಅವಳು ತಾನಾಗಿ ಫೋನು ಮಾಡಿದ್ದೇ ಇಲ್ಲ. ಏನಿದ್ದರೂ ಗುರುಲಿಂಗನ ಕೈಯಲ್ಲಿ ಹೇಳಿಸುವುದು ವಾಡಿಕೆ. ಕೃಷ್ಣೆಯ ಸೇತುವೆ ಬಂತು. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಅಕ್ಷಯಾ ಕಿಟಕಿಯಿಂದ ಹೊರಗೆ ಬೆರಳು ಮಾಡಿ ತಾಯಿಯ ಮುಖ ನೋಡಿದಳು. 'ನೀರು' ಎಂಬ ಮಾತು ಬಾಯಿಗೆ ಬಂದಿತ್ತು. ಪದ್ಮಶ್ರೀ ನುಂಗಿಕೊಂಡು, ಮಗಳ ಕಣ್ಣನ್ನೇ ನೋಡುತ್ತ ಸುಮ್ಮನಿದ್ದಳು. ಸೇತುವೆ ಮುಗಿಯಿತು. ಮಾತು ಬರಲಿಲ್ಲ. ಆದರೆ ಕೂಸು, ಎಷ್ಟೋ ದಿನದ ಮೇಲೆ, ಬಸ್ಸು ತುಂಬುವ ಹಾಗೆ ನಕ್ಕಿತು.

ಅವಳು ಫೋನು ಮಾಡಿದಳು.

"ಹಾಂ, ಪದ್ಮಾ," ಎಂದರು ಮಹಾಂತಯ್ಯ. ಹಿಂದೆ ಹೋಟೆಲಿನ ಗದ್ದಲ, ಮೈದಾನವೋ ದಿಲ್ಲಿಯೋ. "ಡಾಕ್ಟರ್ ಏನಂದ್ರವಾ?"

"ಎಲ್ಲಾ ಛಲೋ ಐತಂತ್ರಿ. ಮಾವಾರ್ರಿ..."

ಮುಂದೆ ಬರಲಿಲ್ಲ. ಆ ಕಡೆಯಿಂದ 'ಹಲೋ' ಬರಲಿಲ್ಲ, 'ಏನಾತು' ಎಂಬ ಅವಸರವೂ ಬರಲಿಲ್ಲ. ಯಾರಿಗೋ ಸುಮ್ಮನಿರಲು ಸನ್ನೆ ಮಾಡಿರಬೇಕು, ಹಿಂದಿನ ಗದ್ದಲವೂ ನಿಂತಿತು. ಅವರು ಕಾಯುತ್ತಿದ್ದರು.

"ಇವತ್ತು ಸಂಜೆಯಿಂದ ಕಟ್ಟಿಗೇ ಬರ್ರಿ," ಎಂದಳು ಪದ್ಮಶ್ರೀ. "ಎಲ್ಲಾರೂ. ನಾನು ತಿಳೀದೆ ಅಂದಿದ್ದೆ. ಚೆಂಡೂ ತರ್ರಿ."

"ಶ್ರೀನಿವಾಸುಲೂನೂ ಕರ್ಕೊಂಡು ಬರ್ಲೇನವಾ? ಅವ ಗದ್ವಾಲದ ಮನುಷ್ಯಾ."

"ಅವರ್ನ ಮೊದಲು ಕರೀರಿ," ಎಂದಳು. "ಅತ್ತಿಯಾರಿಗೆ ಹೇಳ್ರಿ, ದೊಡ್ಡ ಪಾತ್ರಿ ಇಡಾಕ."