ರತ್ನಾವತಿಗೆ ಘಾಟ್ ಆಗುವುದಿಲ್ಲ

ಎಂಟು ವರ್ಷವಾಗುವ ತನಕ ಹಿತೇಶನ ಪಾಲಿಗೆ ವಿದ್ಯಾಪೀಠವೆಂದರೆ ವಿದ್ಯಾ ಎಂಬ ಹೆಂಗಸಿನ ಹಿಟ್ಟಿನ ಗಿರಣಿ. ಠಾಣೆ ಶಹರದ ಪಕ್ಕದ ಕಳವಾ ಎಂಬ ಊರಿನಲ್ಲಿ ಹುಟ್ಟಿ ಬೆಳೆದವನು. ಮರಾಠಿಯ ಪೀಠ ಎಂದರೆ ಹಿಟ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಮ್ಮನ ಮಗ ವಿಶಾಲ ಪುಣೆಯ ವಿದ್ಯಾಪೀಠಕ್ಕೆ ಸೇರಿದನೆಂದು ಮನೆಯವರು ಪೇಡೆ ಹಂಚಿದಾಗ, ಹಿಟ್ಟು ಬೀಸಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಿಯೂ ಬಿಟ್ಟ. ಈಗ ಠಾಣೆಯ ಆಫೀಸೊಂದರಲ್ಲಿ ದಿನವಿಡೀ ಫೋನಿನಲ್ಲಿ ಬೈಸಿಕೊಂಡು ಸಂಬಳ ತರುವ ಹಿತೇಶ, ತನ್ನ ಬುದ್ಧಿ ಆ ಗಿರಣಿಯಿಂದ ಬಹಳ ಮುಂದೇನೂ ಹೋಗಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಾನೆ.

ಅವತ್ತು ನಗದೆ ಇದ್ದವಳು ದೊಡ್ಡಮ್ಮ ರತ್ನಾವತಿ ಒಬ್ಬಳೇ. "ಹಿಟ್ಟು ಬೀಸುವುದು ನಾನು ಮಗಾ, ಅವನಲ್ಲ" ಎಂದಿದ್ದಳು. ಸುಳ್ಳಲ್ಲ. ಕಳವಾ ಊರಿನ ಒಂದೇ ಕೋಣೆಯ ಮನೆಯಲ್ಲಿ ನೀರುದೋಸೆ, ಬನ್ಸ್ ಮಾಡಿ ಆಫೀಸುಗಳಿಗೆ ಕಳಿಸಿ ಮಗನನ್ನು ಓದಿಸಿದವಳು ಅವಳು. ಆದರೆ ಮಗ ಪದವಿ ತೆಗೆದುಕೊಂಡ ದಿನ ಪುಣೆಗೆ ಹೋದವನು ಅವಳ ಗಂಡ ಭುಜಂಗ. "ಅಮ್ಮನಿಗೆ ಘಾಟ್ ಆಗುವುದಿಲ್ಲ, ವಾಂತಿ ಬರ್ತದೆ" ಎಂದು ವಿಶಾಲ ಎಲ್ಲರಿಗೂ ಹೇಳಿದ್ದ. ಪುಣೆ ದಾರಿಯ ಆ ಘಾಟಿನಲ್ಲಿ ರತ್ನಾವತಿ ವಾಂತಿ ಮಾಡಿದ್ದು ಜನ್ಮದಲ್ಲಿ ಒಮ್ಮೆ, ಬಸುರಿಯಾಗಿದ್ದಾಗ. ಹೊಟ್ಟೆಯಲ್ಲಿದ್ದವನು ಇದೇ ವಿಶಾಲ.

ಆ ಮಾತನ್ನು ಅವಳು ವರ್ಷಗಟ್ಟಲೆ ನುಂಗಿಕೊಂಡಳು. ಕಳೆದ ತಿಂಗಳು ಮಗ ತನ್ನ ಅತ್ತೆ ಮಾವನಿಗೆ ಪುಣೆ ತೋರಿಸಲು ಕಾರು ತೆಗೆದವನು, ಬಾಗಿಲಲ್ಲಿ ನಿಂತು ಮತ್ತೆ ಅದನ್ನೇ ಹೇಳಿದ. ಚಪ್ಪಲಿ ಮೆಟ್ಟಿ ತಯಾರಾಗಿ ನಿಂತಿದ್ದವಳು ಚಪ್ಪಲಿ ಬಿಚ್ಚಿದಳು. ಆಮೇಲಿನ ಶನಿವಾರ ಯಾರಿಗೂ ಹೇಳದೆ ಠಾಣೆಯಲ್ಲಿ ಪುಣೆಯ ರೈಲು ಹತ್ತಿದಳು.

ಘಾಟಿನ ಬುಡದ ಕರ್ಜತ್ ಸ್ಟೇಷನ್ನಿನಲ್ಲಿ ಬಿಸಿ ವಡಾಪಾವ್ ಬಂತು. ಒಂದು ತಿಂದಳು. ರೈಲು ಘಾಟ್ ಏರತೊಡಗಿದಾಗ, ಹಸಿವಿಲ್ಲದಿದ್ದರೂ ಹಟಕ್ಕೆ ಬಿದ್ದು ಇನ್ನೊಂದು ತಿಂದಳು. ಸುರಂಗ ಬಂತು, ಹೋಯಿತು. ವಾಂತಿಯೇನೂ ಬರಲಿಲ್ಲ.

ವಿದ್ಯಾಪೀಠದ ಗೇಟಿನಲ್ಲಿ ವಾಚ್‌ಮನ್ ಕೇಳಿದ, "ಕೋಣಾಕಡೆ, ಮಾವಶೀ?"

ಯಾರ ಹತ್ತಿರ ಎಂದರೆ ಏನು ಹೇಳುವುದು? "ಕಿಸೀಕೋ ನಹೀ ಮಿಲನೇಕಾ. ಮೈ ಅಕೇಲಾ ಆಯಾ. ಮೇರಾ ಬೇಟಾ ಇಧರ್ ಪಢತೀ ಥೀ."

ಯಾರನ್ನೂ ನೋಡಲಿಕ್ಕಿಲ್ಲ, ಒಬ್ಬಳೇ ಬಂದೆ, ಮಗ ಇಲ್ಲಿ ಓದುತ್ತಿದ್ದ ಎನ್ನಹೋದರೆ ಹೆಂಗಸು ಗಂಡಸಾಗಿ, ಮಗ ಮಗಳಾಗಿ ಬಂದರು. ರತ್ನಾವತಿಯ ಹಿಂದಿಯೇ ಹಾಗೆ. ತುಳು ಬಾಯಿಗೆ ಹಿಂದಿಯ ಗಂಡು ಹೆಣ್ಣು ಹಿಡಿಯುವುದಿಲ್ಲ. ಹೈಸ್ಕೂಲಿನಲ್ಲಿರುವಾಗಲೇ ವಿಶಾಲ ಗೆಳೆಯರು ಮನೆಗೆ ಬಂದರೆ "ಅಮ್ಮ, ನೀನು ಸ್ವಲ್ಪ ಒಳಗೆ ಇರು" ಎನ್ನುತ್ತಿದ್ದ. ಆ ಕೋಣೆಗೆ ಒಳಗೆ ಎಂಬುದೇ ಇರಲಿಲ್ಲ.

ವಾಚ್‌ಮನ್ ನಗಲಿಲ್ಲ. "ಬಘಾ ಕೀ, ಬಿಂದಾಸ್ ಬಘಾ" ಎಂದು, ಧಾರಾಳವಾಗಿ ನೋಡಿ ಬನ್ನಿ ಎನ್ನುವಂತೆ ದಾರಿ ತೋರಿಸಿದ.

ಗೋಪುರದ ಹಳೇ ಕಲ್ಲಿನ ಕಟ್ಟಡ ನೋಡಿದಳು. ದೊಡ್ಡ ದೊಡ್ಡ ಮರಗಳನ್ನು ನೋಡಿದಳು. ಕ್ಯಾಂಟೀನಿನಲ್ಲಿ ಚಹಾ ಕೇಳಿದಳು, ಅದೇ ಹಿಂದಿಯಲ್ಲಿ, ಬೇಕೆಂದೇ ಗಟ್ಟಿಯಾಗಿ. ಪಕ್ಕದ ಹುಡುಗಿಯರು ತಲೆ ಕೂಡ ಎತ್ತಲಿಲ್ಲ. ಅವರವರ ಪರೀಕ್ಷೆ ಅವರವರಿಗೆ. ರತ್ನಾವತಿಗೆ ನಿಜವಾದ ಸಿಟ್ಟು ಬಂದದ್ದು ಆಗ. ಇಲ್ಲಿ ಯಾರಾದರೂ ಕಿಸಕ್ಕೆಂದು ನಕ್ಕಿದ್ದರೆ ಮಗನನ್ನು ಅರ್ಧ ಕ್ಷಮಿಸುತ್ತಿದ್ದಳೇನೋ. ಯಾರೂ ನಗದ ಜಾಗದಲ್ಲಿ, ಯಾರೂ ನೋಡದ ತಾಯಿಯನ್ನು ಅವನು ಬಚ್ಚಿಟ್ಟಿದ್ದ.

ಅಷ್ಟರಲ್ಲಿ ಅವನದೇ ಫೋನು. "ಅಮ್ಮ, ಕಿಧರ್ ಹೈ ತೂ? ಮನೆಗೆ ಬೀಗ ಉಂಟಂತೆ?"

"ಪುಣೆಯಲ್ಲಿ."

"ಪುಣೆ? ಯಾರ ಜೊತೆ?"

"ನನ್ನ ಜೊತೆ."

"ಅರೇ, ಘಾಟ್‌ನಲ್ಲಿ ಏನಾದ್ರೂ ಆಗಿದ್ರೆ?"

"ಆಯ್ತು. ಎರಡು ವಡಾ ಖರ್ಚಾಯ್ತು. ಫೋನ್ ಇಡು, ಚಹಾ ತಣೀತದೆ."

ಮರುದಿನ ಘೋಡಬಂದರ್ ರಸ್ತೆಯ ವಿಶಾಲನ ಫ್ಲ್ಯಾಟಿನಲ್ಲಿ ಬೀಗರ ಊಟ. ಹಿತೇಶನೂ ಹೋಗಿದ್ದ, ಪುಕ್ಕಟೆ ಕೋರಿರೊಟ್ಟಿ ಇರುವಲ್ಲಿಗೆ ಅವನು ತಪ್ಪದೆ ಹೋಗುತ್ತಾನೆ. ವಿಶಾಲನ ಮಾವ ಲೋಕನಾಥ ಶೆಟ್ಟರು ಸುದ್ದಿ ಕೇಳಿ ಖುಷಿಪಟ್ಟರು. "ಒಬ್ಬರೇ ಹೋಗಿ ಬಂದಿರಂತಲ್ಲ ರತ್ನಕ್ಕ! ನಿಮಗೆ ಘಾಟ್ ಆಗುದಿಲ್ಲ ಅಂತಿದ್ರು ಅಳಿಯಂದಿರು."

"ಆಗ್ತದೆ," ಎಂದಳು ರತ್ನಾವತಿ, ಅವರ ತಟ್ಟೆಯ ರೊಟ್ಟಿಗೆ ಕೋಳಿಸಾರು ಬಡಿಸುತ್ತ. ವಿಶಾಲ ಮಾವನಿಗೆ "ಪಪ್ಪಾ, ಇನ್ನೂ ಸ್ವಲ್ಪ ರೊಟ್ಟಿ" ಎಂದು ಮಾತು ತಿರುಗಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿತೇಶನ ಬಾಯಿ ಖಾಲಿಯಿತ್ತು. ಖಾಲಿ ಬಾಯಿಯಿಂದ ಅವನಿಗೆ ಯಾವತ್ತೂ ಒಳ್ಳೆಯದಾಗಿಲ್ಲ.

"ಹಾಗಾದ್ರೆ ದೊಡ್ಡಮ್ಮ, ವಿಶಾಲಣ್ಣನಿಗೆ ಡಿಗ್ರಿ ಕೊಟ್ಟ ದಿನ ನೀವು ಯಾಕೆ ಹೋಗ್ಲಿಲ್ಲ?"

ವಿಶಾಲ ತಾಯಿಯ ಮುಖ ನೋಡಿದ. ಏನಾದರೂ ಹೇಳು, ಅದೊಂದನ್ನು ಬಿಟ್ಟು ಎನ್ನುವ ನೋಟ.

ರತ್ನಾವತಿ ಸೌಟು ಕೆಳಗಿಟ್ಟಳು.

"ಇವನಿಗೆ ನಾನೆಂದ್ರೆ ನಾಚಿಕೆ. ಕರೆಯಲೇ ಇಲ್ಲ."