ಗೊತ್ತಿಲ್ಲ ಎಂದ ಯಂತ್ರ

ನಾನು ವಾದದಲ್ಲಿ ಸುಲಭವಾಗಿ ಸೋಲುವವನಲ್ಲ. ಹಾಗೆಂದು ಗೆದ್ದು ಯಾರಿಗೂ ಉಪಕಾರ ಮಾಡಿದವನೂ ಅಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಟ ಇದು. ಅಲ್ಲಿ ಒಂದೇ ವಿಷಯವನ್ನು ಬೆಳಿಗ್ಗೆ ಎತ್ತಿಹಿಡಿದು, ಮಧ್ಯಾಹ್ನ ಎತ್ತಿ ಒಗೆದು, ಎರಡಕ್ಕೂ ಚಪ್ಪಾಳೆ ಗಿಟ್ಟಿಸಬಹುದು.

ಹೀಗಾಗಿ ರಾಯಕೋಟೆಯ ಕಣ್ಣಿನ ಶಿಬಿರಕ್ಕೆ ದೊಡ್ಡಮ್ಮನನ್ನು ಕರೆದೊಯ್ಯುವಾಗ ಬಸ್ಸಿನಲ್ಲೇ ನನ್ನ ಭಾಷಣ ಶುರುವಾಯಿತು. ದೊಡ್ಡಮ್ಮನಿಗೆ ಬಹಳ ಕಾಲದ ಸಕ್ಕರೆ ಕಾಯಿಲೆ. ಹೊಸೂರಿನ ಹತ್ತಿರದ ಗುಲಾಬಿ ತೋಟದಲ್ಲಿ ಹೂವು ಕೊಯ್ಯುವ ಕೆಲಸ. ಈಚೆಗೆ ಮುಳ್ಳು ಕಾಣದೆ ಬೆರಳು ಚುಚ್ಚಿಸಿಕೊಂಡು ಬರುತ್ತಿದ್ದಳು. “ಕಣ್ ಹೋದ್ರೆ ನನ್ನ ಯಾರ್ಲಾ ಕೆಲಸಕ್ಕಿಟ್ಕೋತಾರೆ?” ಎಂದು ಒಮ್ಮೆ ಕೇಳಿದ್ದಳು. ಆ ಪ್ರಶ್ನೆಯನ್ನು ಬದಿಗೆ ಸರಿಸಿ ನಾನು ಬೇರೆ ಪ್ರಶ್ನೆಗಳನ್ನು ಎತ್ತಿಕೊಂಡೆ.

ಶಿಬಿರದಲ್ಲಿ ಡಾಕ್ಟರು ಇರುವುದಿಲ್ಲ. ನರ್ಸು ಕಣ್ಣಿನ ಒಳಗಿನ ಫೋಟೋ ತೆಗೆಯುತ್ತಾಳೆ. ಅದು ಕ್ಲೌಡಿಗೆ, ಅಂದರೆ ಎಲ್ಲೋ ದೂರದಲ್ಲಿರುವ ಯಾರದೋ ಕಂಪ್ಯೂಟರುಗಳಿಗೆ ಹೋಗುತ್ತದೆ. ಲೆಕ್ಕವಿಲ್ಲದಷ್ಟು ಕಣ್ಣುಗಳನ್ನು ನೋಡಿ ಪಳಗಿದ ಕೃತಕ ಬುದ್ಧಿಮತ್ತೆ ಅಲ್ಲಿಂದಲೇ ತೀರ್ಪು ಕಳಿಸುತ್ತದೆ.

“ಆ ಫೋಟೋ ಯಾರ್ ಕೈ ಸೇರ್ತೈತೋ ಗೊತ್ತಾ ದೊಡ್ಡಮ್ಮಾ?”

“ಸೇರ್ಲಿ ಬುಡ್ಲಾ. ನನ್ ಕಣ್ಣಿನ್ ಫೋಟೋ ನೋಡಿ ಯಾವನಾನ ಹೆಣ್ ಕೇಳಾಕ್ ಬತ್ತಾನಾ?”

ಹಿಂದಿನ ಸೀಟಿನವರೂ ನಕ್ಕರು. ಸಭಿಕರು ಎದುರಾಳಿಯ ಕಡೆ ವಾಲಿದ ಮೇಲೆ ತರ್ಕಕ್ಕೇನು ಬೆಲೆ!

ದೊಡ್ಡಮ್ಮನೂ ತಯಾರಾಗಿಯೇ ಬಂದಿದ್ದಳು: ಎರಡು ದಿನದಿಂದ ಬರೀ ಹಾಗಲಕಾಯಿ, ಸಕ್ಕರೆಯಿಲ್ಲದ ಕಾಫಿ. ನಮ್ಮ ಕಡೆ ಸಕ್ಕರೆ ಕಾಯಿಲೆಯವರು ರಕ್ತ ತಪಾಸಣೆಗೆ ಹೋಗುವುದೇ ಹೀಗೆ, ಪರೀಕ್ಷೆ ಬಂದಾಗ ಮಾತ್ರ ಪುಸ್ತಕ ತೆರೆಯುವ ಮಕ್ಕಳ ಹಾಗೆ. ಶಿಬಿರದಲ್ಲಿ ಇದನ್ನು ಕೇಳಿ ನರ್ಸು ನಕ್ಕಳು. “ಅಮ್ಮಾ, ಇದು ನಿನ್ನೆ ಮೊನ್ನೆ ತಿಂದಿದ್ದನ್ನ ನೋಡಲ್ಲ. ವರ್ಷಗಟ್ಲೆ ತಿಂದಿದ್ದು ಕಣ್ಣೊಳಗೆ ಗುರುತು ಬಿಟ್ಟಿರತ್ತೆ” ಎಂದು ದೊಡ್ಡಮ್ಮನ ಗದ್ದವನ್ನು ಕ್ಯಾಮೆರಾಕ್ಕೆ ಒರಗಿಸಿದಳು.

ಉತ್ತರ ಬಂತು. ಬಲಗಣ್ಣಿನಲ್ಲಿ ಕಾಯಿಲೆಯ ಸಣ್ಣ ಗುರುತು. ಎಡಗಣ್ಣಿನ ಚಿತ್ರ ಮಸುಕು, ಏನೂ ಹೇಳಲಾಗದು, ಬೇಗ ವೈದ್ಯರಿಗೆ ತೋರಿಸಿ.

ನನಗೋ ಹಬ್ಬ. “ನೋಡ್ದಾ? ಇಷ್ಟ್ ಬುದ್ಧಿ ಇಟ್ಕೊಂಡು ಗೊತ್ತಿಲ್ಲ ಅಂತೈತೆ!”

“ಗೊತ್ತಿಲ್ದಿದ್ಕೆ ಗೊತ್ತಿಲ್ಲ ಅಂತು ಕಣ್ಲಾ. ನಿನ್ ಬಾಯಾಗೆ ಆ ಮಾತು ಒಂದ್ ದಿನಾನಾ ಬಂದೈತಾ?”

ನಮ್ಮ ಹಳೆಯ ನ್ಯಾಯಶಾಸ್ತ್ರ ಸಂಶಯಕ್ಕೆ ಒಂದು ಪದಾರ್ಥದ, ಅಂದರೆ ತಿಳಿಯಲೇಬೇಕಾದ ಮೂಲ ವಿಷಯದ, ಮರ್ಯಾದೆ ಕೊಟ್ಟಿದೆ. ಗೆಲ್ಲಲೆಂದೇ ಆಡುವ ಮಾತನ್ನು ಜಲ್ಪ ಎಂದು ಬೇರೆ ಇಟ್ಟಿದೆ. ನಾನು ಸಂಶಯದವನೆಂದು ಬೀಗುತ್ತಿದ್ದೆ. ಆ ಹೊತ್ತು ಸಂಶಯಪಟ್ಟದ್ದು ಯಂತ್ರ, ನನ್ನದು ಜಲ್ಪ.

ಮರುದಿನವೇ ಕೃಷ್ಣಗಿರಿಯ ಕಣ್ಣಿನ ಡಾಕ್ಟರ ಬಳಿ ಹೋದೆವು. ಎಡಗಣ್ಣಿನೊಳಗೆ ರಕ್ತ ಜಿನುಗಲು ಶುರುವಾಗಿತ್ತು. ಚಿತ್ರ ಮಸುಕಾದದ್ದು ಅದಕ್ಕೇ. “ಸರಿಯಾದ ಹೊತ್ತಿಗೆ ಬಂದಿದ್ದೀರಿ” ಎಂದರು. ಲೇಸರ್ ಚಿಕಿತ್ಸೆಯಾಯಿತು. ನೋಟ ಉಳಿಯಿತು, ಕೆಲಸವೂ ಉಳಿಯಿತು.

ನನ್ನ ಪ್ರಶ್ನೆಗಳೂ ಉಳಿದಿವೆ. ಫೋಟೋಗಳು ಎಷ್ಟು ಕಾಲ ಅಲ್ಲಿರುತ್ತವೆ? ಯಂತ್ರ ತಪ್ಪಾಗಿ ‘ಸರಿಯಿದೆ’ ಎಂದರೆ ಹೊಣೆ ಯಾರು? ಕೇಳಲೇಬೇಕಾದವು, ಬಿಡುವವನಲ್ಲ. ಮೊನ್ನೆ ದೊಡ್ಡಮ್ಮ ತೋಟದ ಹೆಂಗಸರನ್ನೆಲ್ಲ ಶಿಬಿರಕ್ಕೆ ಹೊರಡಿಸುತ್ತ ನನ್ನನ್ನೂ ಕರೆದಳು.

“ಬಾರ್ಲಾ, ಅದೇನ್ ಕೇಳ್ತೀಯೋ ಅಲ್ಲೇ ಬಂದು ಕೇಳು. ಮೊದ್ಲು ಇವ್ರೆಲ್ಲ ಕಣ್ ತೋರಿಸ್ಕೊಳ್ಲಿ. ಕಣ್ಣಿದ್ರೆ ತಾನೆ ನಿನ್ ಮಖ ನೋಡ್ಕೊಂಡ್ ಜಗಳ ಆಡಾದು!”